ಮೊಟ್ಟೆ ಇಟ್ಟಿತೇ ಮೂತಿ ಹುಳು?

ಅಂತರಗಂಗೆ (ವಾಟರ್ ಹಯಸಿಂತ್) ಎಂಬ ನೀರುಕಳೆಯನ್ನು ತಿನ್ನುವ ಮೂತಿ ಹುಳು ತೊಗರಿಬೇಳೆಯಷ್ಟು ದೊಡ್ಡದು. ಹಗಲು ಗಿಡದ ಬುಡದಲ್ಲಿ ಅಡಗಿದ್ದು ರಾತ್ರಿ ಎಲೆ ಕೆರೆದು ತಿನ್ನುತ್ತದೆ. ಕಳೆಯನ್ನು ನಿಜವಾಗಿ ಕೆಡಹುವುದು ಅದರ ಮರಿ. ತಾಯಿ ಎಲೆತೊಟ್ಟಿನೊಳಗೆ ಮೊಟ್ಟೆ ಇಡುತ್ತದೆ. ಮರಿ ತೊಟ್ಟನ್ನು ಕೊರೆಯುತ್ತ ಸುಳಿಗೆ ಇಳಿಯುತ್ತದೆ. ಕೊರೆದಲ್ಲಿ ಕೊಳೆತು ಗಿಡ ಮುಳುಗುತ್ತದೆ.

ಕಳೆಯೂ ಹುಳುವೂ ದಕ್ಷಿಣ ಅಮೆರಿಕದವು. ಕಳೆಯ ಹತೋಟಿಗೆಂದು ಫ್ಲಾರಿಡಾದಲ್ಲಿ 1972ರಲ್ಲಿ ಈ ಹುಳುವಿನ ನಿಯೋಕೆಟಿನಾ ಐಕಾರ್ನಿಯೆ ಜಾತಿ, 1974ರಲ್ಲಿ ಅದರ ಸೋದರಜಾತಿ ನಿಯೋಕೆಟಿನಾ ಬ್ರೂಕಿ ಬಿಡುಗಡೆಯಾದವು. 1980ರ ದಶಕದ ಆರಂಭದಲ್ಲಿ ಇವು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಬಂದವು. ಬೆಳೆಗಳನ್ನು ಮುಟ್ಟುವುದಿಲ್ಲ ಎಂದು ಖಚಿತವಾದ ಮೇಲೆ ಅಲ್ಲಿನ ವಿಜ್ಞಾನಿ ಕೆ.ಪಿ. ಜಯಂತ್ ಅವರು ಅವನ್ನು ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳೆ ತಗ್ಗಿದ ವರದಿ ಪ್ರಕಟವಾಯಿತು.

ಆದರೆ ಹುಳು ತುಂಬಿದ್ದೂ ಹಸಿರು ಹಾಸು ಕರಗದ ನೀರುಗಳು ಜಗತ್ತಿನ ಹಲವೆಡೆ ಕಂಡವು. ತಲೆ ಎಣಿಸಿದರೆ ಸಾಲದು, ಹೊಟ್ಟೆ ಬಗೆದು ನೋಡಬೇಕು ಎಂಬ ತಿಳಿವು ಹುಟ್ಟಿದ್ದು ಹೀಗೆ. ಸೂಕ್ಷ್ಮದರ್ಶಕದಡಿ ಹೆಣ್ಣಿನ ಹೊಟ್ಟೆ ಬಿಡಿಸಿದರೆ ಎರಡು ಅಂಡಾಶಯ, ಒಂದೊಂದರಲ್ಲಿ ಎರಡು ನಳಿಕೆ ಕಾಣುತ್ತವೆ. ಪ್ರತಿ ಮೊಟ್ಟೆ ಹೊರಬಿದ್ದಾಗಲೂ ಅದರ ಕವಚದ ಚೂರು ನಳಿಕೆಯ ಬುಡದಲ್ಲಿ ಉಳಿಯುತ್ತದೆ. ಈ ಶೇಷ ಇಲ್ಲದ್ದು ಇನ್ನೂ ಮೊಟ್ಟೆ ಇಡದ ಹೆಣ್ಣು. ದಟ್ಟವಾಗಿದ್ದರೆ ಹಲವು ಇಟ್ಟ ಹಳಬಳು. ಈ ಗುರುತುಗಳನ್ನು ಹಂತಹಂತವಾಗಿ ಜೋಡಿಸಿ ಸಂಶೋಧಕರಾದ ಗ್ರೊಡೊವಿಟ್ಜ್, ಸೆಂಟರ್, ಫ್ರೀಡ್‌ಮನ್ 1997ರಲ್ಲಿ ವಯಸ್ಸಿನ ಅಳತೆಗೋಲು ರೂಪಿಸಿದರು.

ಇನ್ನೊಂದು ಗುರುತು ಹಾರಾಟದ ಸ್ನಾಯು. ಮೊಟ್ಟೆ ಕಟ್ಟುವ ಹೆಣ್ಣಿನಲ್ಲಿ ಅದು ಕರಗಿಹೋಗುತ್ತದೆ. ಮೊಟ್ಟೆ ನಿಂತರೆ ಮತ್ತೆ ಬೆಳೆಯುತ್ತದೆ. ಸಂಸಾರ ಇಲ್ಲವೇ ಸಂಚಾರ, ಎರಡೂ ಒಟ್ಟಿಗಿಲ್ಲ. ಯಾವುದು ಎಂಬುದನ್ನು ಬಹುಪಾಲು ಗಿಡದ ಸತ್ವವೇ ತೀರ್ಮಾನಿಸುತ್ತದೆ. ಸಾರಜನಕ ಕಡಿಮೆಯಾದ ಬಡಕಲು ಗಿಡದ ಮೇಲೆ ಹುಳು ಬದುಕೀತು, ಆದರೆ ವಂಶ ಬೆಳೆಸದು.

ಸಕಲೇಶಪುರ, ಆಲೂರಿನ ಕಾಫಿ ತೋಟದ ಕೆರೆಗಳಿಗೂ ಇದೇ ಲೆಕ್ಕ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ನೀರೊದಗಿಸುವ ಅಂಥ ಕೆರೆಗೆ ಕಳೆ ಹೊಕ್ಕರೆ, ಗೊಬ್ಬರದ ನೀರು ಇಳಿಯುವ ಕೆರೆಯ ಹುಳುವೂ ಬರಿ ಒರತೆಯ ಕೆರೆಯ ಹುಳುವೂ ಒಂದೇ ಬಗೆಯಲ್ಲಿ ಹೆಚ್ಚಲಾರವು. ಬಗೆದ ಹೆಣ್ಣುಗಳಲ್ಲಿ ಹೊಸಬರು ಹೆಚ್ಚಿದ್ದರೆ ಹೊಸ ಪೀಳಿಗೆ ಹೊರಬರುತ್ತಿದೆ. ಬರೀ ಹಳಬರಿದ್ದರೆ ಹಿಂದೆ ಮರಿಗಳಿಲ್ಲ. ಸ್ನಾಯು ಬಲಿತು ಅಂಡಾಶಯ ಬತ್ತಿದ್ದರೆ ಆ ಹುಳುಗಳು ಬೇರೆ ನೀರು ಹುಡುಕಿ ಹಾರಲು ಅಣಿಯಾಗಿವೆ.