ಎರಿ ನೆಲದಲ್ಲೂ ದುಂಡು ಮಲ್ಲಿಗೆ

ಅಥಣಿ, ಕಾಗವಾಡ, ರಾಯಬಾಗದ ಕಡೆ ಹಿತ್ತಲಲ್ಲಿ ದುಂಡು ಮಲ್ಲಿಗೆ ಹಚ್ಚಿದವರ ದೂರು ಬಹುಮಟ್ಟಿಗೆ ಒಂದೇ: ಗಿಡ ಮೈತುಂಬ ಎಲೆ ಬಿಡುತ್ತದೆ, ಹೂವು ಮಾತ್ರ ಬೆರಳೆಣಿಕೆ. ಕೆಲವರ ಗಿಡ ಎರಡನೇ ಮಳೆಗಾಲವನ್ನೇ ದಾಟುವುದಿಲ್ಲ. ಎರಿ ನೆಲಕ್ಕೆ ಮಲ್ಲಿಗೆ ಒಗ್ಗದು ಎಂದು ಆಸೆ ಬಿಡುತ್ತಾರೆ. ತಪ್ಪು ನೆಲದ್ದಲ್ಲ, ನೀರಿನದು. ಆಮೇಲೆ ಕತ್ತರಿ ಹಿಡಿಯಲು ಅಂಜುವ ಕೈಯದು.

ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೂ ಶಂಕರಪುರದ ಮಲ್ಲಿಗೆ ಹೆಸರುವಾಸಿ. ಅಲ್ಲಿನ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ನಮ್ಮ ಎರಿ ಮಣ್ಣು ಕುಡಿದ ನೀರನ್ನು ಸುಲಭಕ್ಕೆ ಬಿಟ್ಟುಕೊಡದು. ಕಬ್ಬಿಗೆ ಹಾಯಿಸಿದ ಹಾಗೆ ಮಲ್ಲಿಗೆಗೂ ನೀರು ಹಾಯಿಸಿದರೆ ಬೇರು ಕೊಳೆಯುತ್ತದೆ. ಅತಿ ನೀರಿನಿಂದ ಸವಳಾದ ಹೊಲಗಳನ್ನು ಕೃಷ್ಣಾ ತೀರದಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೂವರೆ ಅಡಿ ಗುಂಡಿಗೆ ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ತುಂಬಿ, ನೆಲಮಟ್ಟಕ್ಕಿಂತ ಎತ್ತರಕ್ಕೆ ದಿಣ್ಣೆ ಮಾಡಿ ಹಚ್ಚಿ. ಸಹ್ಯಾದ್ರಿಗೆ ಹತ್ತಿರವಾಗಿ ಮಳೆ ಹೆಚ್ಚಿರುವ ನಿಪ್ಪಾಣಿಯಲ್ಲಿ ದಿಣ್ಣೆ ಇನ್ನಷ್ಟು ಎತ್ತರವಿರಲಿ. ಗಿಡದಿಂದ ಗಿಡಕ್ಕೆ ನಾಲ್ಕಡಿ ಸಾಕು. ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು. ಬಚ್ಚಲ ನೀರು ಹರಿಯುವಲ್ಲಿ ಮಲ್ಲಿಗೆ ಹಚ್ಚುವ ರೂಢಿ ಬಿಡಬೇಕು. ಸಾಬೂನಿನ ನೀರು ಮೊದಲೇ ಕ್ಷಾರವಾಗಿರುವ ಮಣ್ಣನ್ನು ಇನ್ನೂ ಕೆಡಿಸುತ್ತದೆ.

ಚಿಗುರೆಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರಗಳು ಹಸಿರಾಗಿ, ನಡುವಿನ ಭಾಗ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗದು. ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಸುಣ್ಣವಿದೆ ಎಂದೇ ಅರ್ಥ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ.

ಇನ್ನು ಚಾಟ್ನಿ, ಅಂದರೆ ಕಡ್ಡಿ ಸವರುವುದು. ತೆಲಸಂಗದ ಕಡೆ ದ್ರಾಕ್ಷಿ ಬೆಳೆಯುವವರು ಚಾಟ್ನಿಯ ದಿನ ತಪ್ಪಿಸುವುದಿಲ್ಲ. ಅದೇ ಮನೆಯ ಅಂಗಳದ ಮಲ್ಲಿಗೆಗೆ ಕತ್ತರಿ ತಾಗಿರುವುದಿಲ್ಲ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲು, ನಡುವಿನದು ಮೊದಲು ಬಲಿಯುತ್ತದೆ. ಹಳೇ ಕಡ್ಡಿಯನ್ನು ಹಾಗೇ ಬಿಟ್ಟರೆ ಚಿಗುರಿಲ್ಲ, ಚಿಗುರಿಲ್ಲದೆ ಮೊಗ್ಗಿಲ್ಲ. ನವೆಂಬರ್‌ನಲ್ಲಿ ನೀರು ನಿಲ್ಲಿಸಿ, ಎಲೆ ಬಾಡತೊಡಗಿದ ಮೇಲೆ, ತಿಂಗಳ ಕೊನೆಗೆ ನೆಲದಿಂದ ಒಂದೂವರೆ-ಎರಡು ಅಡಿ ಬಿಟ್ಟು ಮೇಲಿನದೆಲ್ಲ ಕತ್ತರಿಸಿ. ಒಣಗಿದ, ರೋಗ ಹತ್ತಿದ ಕಡ್ಡಿ ಬುಡದಿಂದಲೇ ಹೋಗಲಿ. ಆಮೇಲೆ ಗಿಡಕ್ಕೆ 10 ಕಿಲೋ ತಿಪ್ಪೆ ಗೊಬ್ಬರ ಕೊಟ್ಟು ಮತ್ತೆ ನೀರು ಕೊಡಿ. ಬೋಳು ಗಿಡ ನೋಡಿ ಮನೆಯವರು ಮರುಗುತ್ತಾರೆ, ನಿಜ. ಮಾರ್ಚ್‌ನಿಂದ ಜುಲೈವರೆಗೆ ಬುಟ್ಟಿ ತುಂಬುವುದೂ ಅಷ್ಟೇ ನಿಜ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತು ಬಿದ್ದಿದ್ದರೆ ಒಳಗೆ ಹುಳು ಇದೆ. ಅಂಥವನ್ನು ಕಿತ್ತು ಸುಟ್ಟು, ಬೇವಿನೆಣ್ಣೆ ಸಿಂಪಡಿಸಿ. ಮುಡಿಗೆ, ಮಾಲೆಗೆ ಬೇಕಾದ ಬಲಿತ ಬಿಳಿ ಮೊಗ್ಗನ್ನು ಸೂರ್ಯ ಹುಟ್ಟುವ ಮೊದಲೇ ಬಿಡಿಸಬೇಕು.

ಮಳೆಗಾಲದಲ್ಲಿ ಗೇಣುದ್ದದ ಅರೆಬಲಿತ ಕಡ್ಡಿ ಮರಳಿನಲ್ಲಿ ಊರಿ, ನೆರಳಲ್ಲಿಟ್ಟರೆ ಬೇರು ಬಿಡುತ್ತದೆ. ಚೆನ್ನಾಗಿ ಹೂ ಬಿಡುವ ಗಿಡ ಓಣಿಯಲ್ಲಿ ಯಾರ ಮನೆಯದೆಂದು ಈ ಬೇಸಿಗೆಯಲ್ಲೇ ನೋಡಿಟ್ಟುಕೊಂಡು, ಜೂನ್‌ನಲ್ಲಿ ಹೋಗಿ ನಾಲ್ಕು ಕಡ್ಡಿ ಕೇಳಿ.