ನಿಮಗಿದು ಗೊತ್ತೇ? ಪೈ ಪರದೆ ಬೆಳಗಿತು, ಸದ್ದೆಲ್ಲಿ?

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಎರಡು ಮೈಕ್ರೊ ಎಚ್‌ಡಿಎಂಐ ಪೋರ್ಟ್‌ಗಳಿವೆ. ನೋಡಲು ಅವಳಿ-ಜವಳಿ, ಶಕ್ತಿಯಲ್ಲಿ ಅಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಬಲ್ಲದ್ದು ಪವರ್ ಪೋರ್ಟಿನ ಪಕ್ಕದ್ದು ಮಾತ್ರ. ಅದೂ ಕಾನ್ಫಿಗ್ ಫೈಲಿನಲ್ಲಿ ಆ ಸೌಲಭ್ಯವನ್ನು ನಾವೇ ಆನ್ ಮಾಡಿದರೆ. ಇಲ್ಲವಾದರೆ 4ಕೆಯಲ್ಲಿ ಸಿಗುವುದು 30 ಸಲ, ಮೌಸ್ ಬಾಣ ಹಿಂದೆ ಉಳಿದು ಎಳೆದಾಡಿದಂತೆ ಕಾಣುತ್ತದೆ. ಆನ್ ಮಾಡಿದರೆ ಬೋರ್ಡ್ ಹೆಚ್ಚು ವಿದ್ಯುತ್ ಕೇಳುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ. 2023ರ ಪೈ 5ರಲ್ಲಿ ಈ ತಾರತಮ್ಯವಿಲ್ಲ, ಎರಡು ಪೋರ್ಟ್‌ಗಳಲ್ಲೂ 60 ಸಿಗುತ್ತದೆ.

ಎಚ್‌ಡಿಎಂಐ ಕೇಬಲ್ಲಿನಲ್ಲಿ ಸದ್ದಿಗೆಂದೇ ಬೇರೆ ತಂತಿ ಇಲ್ಲ! 4ಕೆ ಚಿತ್ರದ ಒಂದು ಸಾಲಿನಲ್ಲಿ ನಮಗೆ ಕಾಣುವುದು 3,840 ಚುಕ್ಕಿ, ಆದರೆ 60 ಹರ್ಟ್ಜ್‌ನಲ್ಲಿ ತಂತಿಯಲ್ಲಿ ಹರಿಯುವುದು 4,400 ಚುಕ್ಕಿಗಳಷ್ಟು ಹೊತ್ತು. ಸಾಲುಗಳೂ ಅಷ್ಟೇ: ಕಾಣುವುದು 2,160, ಹೋಗುವುದು 2,250. ಕಣ್ಣಿಗೆ ಕಾಣದ ಆ ಬಿಡುವುಗಳಲ್ಲಿ ಸದ್ದು ಪುಟ್ಟ ಪುಟ್ಟ ಪೊಟ್ಟಣಗಳಾಗಿ ಸಾಗುತ್ತದೆ. ಹಳೆಯ ಡಿವಿಐ ಪದ್ಧತಿಯಲ್ಲಿ ಬಿಡುವು ಇತ್ತು, ಪೊಟ್ಟಣ ಇರಲಿಲ್ಲ.

ಹಾಗಾದರೆ ತನ್ನೆದುರು ಇರುವುದು ಎಚ್‌ಡಿಎಂಐ ಪರದೆಯೋ ಡಿವಿಐ ಪರದೆಯೋ ಎಂದು ಬೋರ್ಡಿಗೆ ತಿಳಿಯುವುದು ಹೇಗೆ? ಪರದೆಯೇ ಹೇಳಬೇಕು. ಪ್ರತಿ ಟಿ.ವಿ., ಮಾನಿಟರ್‌ನೊಳಗೆ ಇಡಿಐಡಿ ಎಂಬ ಪರಿಚಯಪತ್ರ ಇರುತ್ತದೆ. ತಯಾರಕರು ಯಾರು, ಯಾವ ರೆಸಲ್ಯೂಷನ್ ಒಗ್ಗುತ್ತದೆ, ಸ್ಪೀಕರ್ ಇದೆಯೇ ಎಂಬುದೆಲ್ಲ ಅದರಲ್ಲಿ 128 ಬೈಟ್‌ಗಳ ಕಟ್ಟುಗಳಾಗಿ ಕೂತಿರುತ್ತದೆ. ಒಂದು ಕಟ್ಟಿನ ಎಲ್ಲ ಬೈಟ್‌ಗಳನ್ನು ಕೂಡಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು, ಆಗದಿದ್ದರೆ ಪತ್ರ ಕೆಟ್ಟಿದೆ ಎಂದರ್ಥ. ಅಗ್ಗದ ಸ್ಪ್ಲಿಟರ್, ಸಡಿಲವಾದ ಅಡಾಪ್ಟರ್, ಬೋರ್ಡಿಗಿಂತ ತಡವಾಗಿ ಎದ್ದ ಟಿ.ವಿ., ಇವುಗಳಲ್ಲಿ ಯಾವುದಾದರೂ ಒಂದು ಸಾಕು ಈ ಓದು ತಪ್ಪಲು. ಆಗ ಬೋರ್ಡನ್ನು ನಡೆಸುವ ಲಿನಕ್ಸ್ 1024×768ರಂಥ ಹಳೆಯ ಅಳತೆಗೆ ಇಳಿಯುತ್ತದೆ, ಎದುರಿನ ಪರದೆಯನ್ನು ಡಿವಿಐ ಎಂದೇ ಎಣಿಸುತ್ತದೆ, ಸದ್ದು ಕಳಿಸುವುದನ್ನೇ ಬಿಡುತ್ತದೆ. ಮಸುಕು ಚಿತ್ರ ಮತ್ತು ಮೌನ, ಎರಡು ಕಾಯಿಲೆಗೂ ಬೇರು ಒಂದೇ. ಟಿ.ವಿ.ಯನ್ನು ಮೊದಲು ಆನ್ ಮಾಡಿ, ಮಧ್ಯದ ಸಲಕರಣೆಗಳನ್ನೆಲ್ಲ ತೆಗೆದು ನೇರ ಕೇಬಲ್ ಹಾಕಿ, ಆಮೇಲೆ ಬೋರ್ಡ್ ಎಬ್ಬಿಸಿ ನೋಡಿ. ಸೆಟ್ಟಿಂಗ್ ಮುಟ್ಟುವುದು ಅದಾದ ಮೇಲೆ.

ಎರಡು ಎಚ್‌ಡಿಎಂಐ ಪೋರ್ಟ್ ಎಂದರೆ ಲಿನಕ್ಸ್ ಲೆಕ್ಕದಲ್ಲಿ ಎರಡು ಸೌಂಡ್ ಕಾರ್ಡ್. ಮಾನಿಟರ್ ಒಂದಕ್ಕೆ ಚುಚ್ಚಿ, ಸದ್ದು ಇನ್ನೊಂದಕ್ಕೆ ಹರಿದರೆ ಕೇಳುವುದಾದರೂ ಏನು? ಪರದೆಯ ಮೂಲೆಯ ಸ್ಪೀಕರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ಸರಿಯಾದದ್ದನ್ನು ಆರಿಸಿ.

ಸದ್ದು ಹೊಂದಿಸುವ ಆಲ್ಸಾಮಿಕ್ಸರ್ ಪ್ರೋಗ್ರಾಮಿನಲ್ಲಿ ವಾಲ್ಯೂಮ್ ಕಂಬದ ಬುಡದಲ್ಲಿ ಎರಡು 'ಎಂ' ಅಕ್ಷರ ಕಂಡರೆ ಸದ್ದು ಮ್ಯೂಟ್ ಆಗಿದೆ. 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ.

ಮಾನಿಟರ್ ಹಚ್ಚಿದರೆ ವೈಫೈ ಸಾಯುತ್ತದೆ! 2019ರ ಕೊನೆಯಲ್ಲಿ ಪೈ 4 ಬಳಕೆದಾರರು ಇದನ್ನು ಗಮನಿಸಿದರು. 2560×1440 ರೆಸಲ್ಯೂಷನ್ನಿಗೆ 60 ಹರ್ಟ್ಜ್‌ನಲ್ಲಿ ಸಾಮಾನ್ಯವಾಗಿ ಬಳಸುವ ಪಿಕ್ಸೆಲ್ ಗಡಿಯಾರದ ವೇಗ 241.5 ಮೆಗಾಹರ್ಟ್ಜ್. ಅದರ ಹತ್ತರಷ್ಟು 2,415. ವೈಫೈನ ಮೊದಲ ಚಾನೆಲ್ಲಿನ ನಡುಬಿಂದು 2,412 ಮೆಗಾಹರ್ಟ್ಜ್! ಕೇಬಲ್ಲಿನಿಂದ ಸೋರುವ ಗದ್ದಲ ನೇರವಾಗಿ ವೈಫೈ ದಾರಿಗೆ ಬೀಳುತ್ತದೆ. ಬೇರೆ ರೆಸಲ್ಯೂಷನ್, 5 ಗಿಗಾಹರ್ಟ್ಜ್ ವೈಫೈ, ಒಳ್ಳೆಯ ಕವಚವಿರುವ ಕೇಬಲ್, ಇವುಗಳಲ್ಲಿ ಒಂದನ್ನು ಪ್ರಯತ್ನಿಸಿ.

ಹಳೆಯ ಸಲಹೆಗಳನ್ನು ನಕಲು ಮಾಡುವ ಮುನ್ನ ವರ್ಷ ನೋಡಿ. ಪೈನ ಅಧಿಕೃತ ವ್ಯವಸ್ಥೆಯ 2021ರ ಬುಲ್ಸ್‌ಐ ಆವೃತ್ತಿಯಿಂದ ಚಿತ್ರದ ಹೊಣೆ ಲಿನಕ್ಸ್ ಕರ್ನಲ್ಲಿನ ಕೆಎಂಎಸ್ ಡ್ರೈವರ್‌ನದು. ಎಚ್‌ಡಿಎಂಐ ಗ್ರೂಪ್, ಎಚ್‌ಡಿಎಂಐ ಮೋಡ್ ಎಂಬ ಕಾನ್ಫಿಗ್ ಫೈಲಿನ ಹಳೆಯ ಸಾಲುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೆಸಲ್ಯೂಷನ್ ಬಲವಂತವಾಗಿ ಹೇಳಬೇಕಿದ್ದರೆ ಈಗ ಕಮಾಂಡ್‌ಲೈನ್ ಫೈಲಿನಲ್ಲಿ ಬರೆಯಬೇಕು. ಆ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರಬೇಕು, ನಡುವೆ ಎಂಟರ್ ಒತ್ತಲೇಬೇಡಿ. 2023ರ ಬುಕ್‌ವರ್ಮ್ ಆವೃತ್ತಿಯಿಂದ ಈ ಫೈಲೂ ಕಾನ್ಫಿಗ್ ಫೈಲೂ ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಸ್ಥಳಾಂತರವಾಗಿವೆ.

ಪೈ 400 ಮತ್ತು ಪೈ 5ರಲ್ಲಿ ಇಯರ್‌ಫೋನ್ ಜ್ಯಾಕ್ ಇಲ್ಲವೇ ಇಲ್ಲ, ಯುಎಸ್‌ಬಿ ಅಥವಾ ಬ್ಲೂಟೂತ್ ಮೊರೆ ಹೋಗಬೇಕು. ಪೈ 4ರ ಜ್ಯಾಕ್‌ನಲ್ಲಿ ಸದ್ದಿನ ಜೊತೆ ಹಳೆಯ ಟಿ.ವಿ.ಗೆ ಬೇಕಾದ ಕಾಂಪೊಸಿಟ್ ವಿಡಿಯೊ ಕೂಡ ಇದೆ. ಹಳೆಯ ವಿಡಿಯೊ ಕ್ಯಾಮೆರಾದ ಕೇಬಲ್ ಅದಕ್ಕೆ ಸರಿಯಾಗಿ ಕೂತರೂ ಕೆಲವದರಲ್ಲಿ ಪ್ಲಗ್ಗಿನ ಬಳೆಗಳ ಕ್ರಮ ಬೇರೆ, ಆಗ ಗುಂಯ್ ಎಂಬ ಸದ್ದಷ್ಟೇ ಬರುತ್ತದೆ.

ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡಿದರೆ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದಿದೆ. ಸಾಮಾನ್ಯ ಮೊಬೈಲ್ ಚಾರ್ಜರ್ ಬದಿಗಿಡಿ: ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು.

ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಅದು ಪರದೆಯ ದೋಷವಲ್ಲ, ಫಾಂಟಿನ ಕೊರತೆ. ಪೈನ ಅಧಿಕೃತ ವ್ಯವಸ್ಥೆ ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ, ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಉಚಿತವಾಗಿಯೇ ಇವೆ.

4ಕೆ 60ಕ್ಕೆ ತಂತಿಯ ಮೇಲೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಓಡಬೇಕು, ಹಳೆಯ ಎಚ್‌ಡಿಎಂಐ 1.4ರ ಮಿತಿ 10.2. ಆದ್ದರಿಂದ ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಬೋರ್ಡನ್ನು ಬೀಸಾಡಬೇಡಿ. ಪ್ಯಾಕಿನ ಮೇಲೆ 'ಪ್ರೀಮಿಯಂ ಹೈ ಸ್ಪೀಡ್' ಎಂದು ಬರೆದಿರುವ ಕೇಬಲ್ ಒಂದನ್ನು ತಂದು ಮೊದಲು ಪರೀಕ್ಷಿಸಿ.