ಥಾಣೆಯ ನಡುಪೇಟೆ ಹೊಸದಾಗುವಾಗ

ಸಾಯಂಕಾಲ ಆರೂವರೆಯ ಸುಮಾರಿಗೆ ಮುಂಬಯಿಯ ಕಡೆಯಿಂದ ಬಂದ ಲೋಕಲ್ ಗಾಡಿಯು ಥಾಣೆಯ ನಿಲ್ದಾಣವನ್ನು ಪ್ರವೇಶಿಸುವಾಗ ಬಾಗಿಲ ಬಳಿ ನಿಂತವನಿಗೆ ಇಳಿಯುವ ಶ್ರಮವಿಲ್ಲ. ಬೆನ್ನ ಹಿಂದಿನ ಜನಸ್ತೋಮವೇ ಆತನನ್ನು ಪ್ಲಾಟ್‌ಫಾರ್ಮಿನ ಮೇಲೆ ಇಳಿಸಿಬಿಡುತ್ತದೆ. ಅಲ್ಲಿಂದ ಸೇತುವೆಯ ಮೆಟ್ಟಲೇರಿ ಪಶ್ಚಿಮಕ್ಕೆ ನಡೆದರೆ, ನೆಲಕ್ಕೆ ಕಾಲಿಡದೆಯೇ ಬಸ್ಸಿನ ಬಳಿಗೆ ತಲುಪಬಹುದು. ನಿಲ್ದಾಣದ ಮುಂಗಡೆ ಕಂಬಗಳ ಮೇಲೆ ಕಟ್ಟಿದ ವಿಶಾಲವಾದ ಅಟ್ಟವೊಂದುಂಟು. ಪೌರಸಭೆಯ ಬಸ್ಸುಗಳು ಇಳಿಜಾರಿನಲ್ಲಿ ಮೇಲೇರಿ ಬಂದು ಅಲ್ಲಿ ನಿಲ್ಲುತ್ತವೆ. ಕೆಳಗೆ ರಿಕ್ಷಾಗಳ ಸಾಲು, ಅದರ ಪಕ್ಕದಲ್ಲಿ ಹಣ್ಣು, ಬಾಚಣಿಗೆ, ಮೊಬೈಲಿನ ಕವಚ ಮಾರುವವರ ಕೂಗು. ಈ ಅಟ್ಟಕ್ಕೆ ಊರವರು 'ಸ್ಯಾಟಿಸ್' ಎನ್ನುತ್ತಾರೆ. ನಿಲ್ದಾಣ ಪರಿಸರದ ಸಂಚಾರ ಸುಧಾರಣೆಯ ಯೋಜನೆಯೆಂಬ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರಿದು.

ಥಾಣೆಯು ಮುಂಬಯಿಯ ಬಾಲವೆಂದು ಬಗೆಯುವವರು ನಮ್ಮಲ್ಲಿ ಬಹುಮಂದಿ. ವಾಸ್ತವದಲ್ಲಿ ಮುಂಬಯಿಯು ಏಳು ನಡುಗಡ್ಡೆಗಳಾಗಿ ಬಿದ್ದಿದ್ದ ಕಾಲದಲ್ಲಿಯೇ ಇದು 'ಶ್ರೀಸ್ಥಾನಕ'ವೆಂಬ ಹೆಸರಿನಿಂದ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು. ಆ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಆದುದರಿಂದ ಕನ್ನಡಿಗರಿಗೆ ಥಾಣೆಯ ಪರಿಚಯವಾದುದು ಇಡ್ಲಿಯ ಮೂಲಕವೇ ಮೊದಲಲ್ಲವೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಪೋರ್ತುಗೀಜರು 1730ರಲ್ಲಿ ಇಲ್ಲಿ ಕೋಟೆ ಕಟ್ಟಲಾರಂಭಿಸಿದರು. 1737ರಲ್ಲಿ ಅದು ಮರಾಠರ ವಶವಾಯಿತು, 1774ರಲ್ಲಿ ಇಂಗ್ಲಿಷರದಾಯಿತು. ಬಳಿಕ ಸೆರೆಮನೆಯಾದ ಅದು ಇಂದಿಗೂ ಸೆರೆಮನೆಯೇ. 1853ರ ಎಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲುಗಾಡಿಯು ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು 400 ಮಂದಿಯನ್ನು ಹೊತ್ತು, 21 ಮೈಲು ಓಡಿ, ಬಂದು ನಿಂತುದು ಈ ಊರಿನಲ್ಲಿಯೇ. ಅಂದು ಬಂದವರು ಅತಿಥಿಗಳು, ಊಟ ಮಾಡಿ ಹಿಂದಿರುಗಿದರು. ಇಂದು ಬರುವವರು ಇಲ್ಲಿಯೇ ಉಳಿಯುವವರು.

ಉಳಿದವರ ಲೆಕ್ಕವನ್ನು ಜನಗಣತಿಯು ಹೇಳುತ್ತದೆ. 1982ರಲ್ಲಿ ಮಹಾನಗರಪಾಲಿಕೆಯಾದ ಈ ಊರಿನ ಜನಸಂಖ್ಯೆ 1991ರಲ್ಲಿ ಸುಮಾರು 8 ಲಕ್ಷ. 2001ರಲ್ಲಿ 12 ಲಕ್ಷ 60 ಸಾವಿರಕ್ಕೂ ಮೀರಿತು. 2011ರಲ್ಲಿ 18 ಲಕ್ಷ 41 ಸಾವಿರ. ಇಪ್ಪತ್ತು ವರುಷಗಳಲ್ಲಿ ಊರು ಇಮ್ಮಡಿಯನ್ನೂ ದಾಟಿತು. ಒಂದು ಕಾಲಕ್ಕೆ ವಾಗ್ಳೆ ಎಸ್ಟೇಟಿನ ಕಾರಖಾನೆಗಳೂ 1925ರಲ್ಲಿ ಆರಂಭವಾದ ರೇಮಂಡಿನ ಉಣ್ಣೆಯ ಗಿರಣಿಯೂ ಊರಿಗೆ ಅನ್ನ ನೀಡುತ್ತಿದ್ದುವು; ಕಾರ್ಮಿಕನು ಸೈಕಲಿನ ಮೇಲೆ ಕೆಲಸಕ್ಕೆ ಹೋಗುತ್ತಿದ್ದನು. ಕಾರಖಾನೆಗಳು ಒಂದೊಂದಾಗಿ ಮುಚ್ಚಿ ಆ ನೆಲದಲ್ಲಿ ಮುಗಿಲುಮುಟ್ಟುವ ವಸತಿಗೃಹಗಳೆದ್ದ ಮೇಲೆ ಕೆಲಸವು ಒಂದೆಡೆ, ಮನೆಯು ಇನ್ನೊಂದೆಡೆ ಎಂದಾಯಿತು. ಘೋಡಬಂದರ ರಸ್ತೆಯುದ್ದಕ್ಕೂ ಹೊಸ ಮನೆಗಳಲ್ಲಿ ವಾಸಿಸುವ ಗುಮಾಸ್ತನೂ ಅಧಿಕಾರಿಯೂ ಬೆಳಗಾದೊಡನೆ ಇದೇ ಹಳೆಯ ನಿಲ್ದಾಣಕ್ಕೆ ಬರಬೇಕು. 2004ರಲ್ಲಿ ವಾಶಿಗೆ ರೈಲು ಆರಂಭವಾದ ಮೇಲಂತೂ ನವಿಮುಂಬಯಿಗೆ ಹೋಗುವವರ ಪ್ರವಾಹವೂ ಇಲ್ಲಿಗೇ ಸೇರಿತು. ಒಂದು ಸಣ್ಣ ಪೇಟೆಯ ಬಾಯಿಗೆ ಒಂದು ದೊಡ್ಡ ನಗರವನ್ನೇ ತುರುಕಿದಂತೆ!

ಪೇಟೆಯೆಂದರೆ ನಿಲ್ದಾಣದಿಂದ ಜಾಂಭಳೀ ನಾಕೆಯವರೆಗೆ, ಅಲ್ಲಿಂದ ಕೋಪಿನೇಶ್ವರನ ಗುಡಿ ಮತ್ತು ಮಾಸುಂದಾ ಕೆರೆಯವರೆಗೆ ಹತ್ತು ನಿಮಿಷಗಳ ನಡಿಗೆ. ತರಕಾರಿ, ಹೂವು, ಕಿರಾಣಿ, ಬಟ್ಟೆ, ಪಾತ್ರೆ, ಇವುಗಳ ನಡುನಡುವೆ ನಮ್ಮವರ ಹೋಟೆಲುಗಳು. ಊರಿನ ಮಿಸಳಿಗೆ ಹೆಸರು ತಂದ ಮಾಮಲೇದಾರ ಕಚೇರಿಯ ಬಳಿಯ ಅಂಗಡಿಯೂ ಕರ್ನಾಟಕದ ಕರಾವಳಿಯಿಂದ ಬಂದ ಮುರ್ಡೇಶ್ವರ ಮನೆತನದವರದೆಂಬುದನ್ನು ಬಲ್ಲವರು ಕಡಿಮೆ. ಮರಾಠಿಗರ ಮಿಸಳನ್ನು ಮರಾಠಿಗರಿಗೇ ಬಡಿಸಿ ಗೆದ್ದುದು ಸಾಮಾನ್ಯದ ಸಾಹಸವಲ್ಲ.

ಈ ಪೇಟೆಯನ್ನು ತಿದ್ದುವ ಯತ್ನಗಳು ಹೊಸತಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಟಿ. ಚಂದ್ರಶೇಖರ ಎಂಬ ಆಯುಕ್ತರು ಇಲ್ಲಿಗೆ ಬಂದು ರಸ್ತೆಗಳನ್ನು ಅಗಲಗೊಳಿಸಲು ಕಟ್ಟಡಗಳ ಮುಂಭಾಗಗಳನ್ನು ಕೆಡವಿಸಿದ ಕಥೆಯನ್ನು ಹಳೆಯ ಅಂಗಡಿಕಾರರು ಈಗಲೂ ಒಂದು ಕಣ್ಣಿನಲ್ಲಿ ಕೋಪ, ಇನ್ನೊಂದರಲ್ಲಿ ಮೆಚ್ಚುಗೆಯಿಟ್ಟು ಹೇಳುತ್ತಾರೆ. ಅಂಗಡಿಯ ಮುಂದಿನ ಕೆಲವು ಅಡಿಗಳನ್ನು ಕಳೆದುಕೊಂಡವನಿಗೆ ನಷ್ಟವಾದುದು ನಿಜ. ರಸ್ತೆ ಅಗಲವಾದ ಮೇಲೆ ಗಿರಾಕಿ ಹೆಚ್ಚಿದುದೂ ನಿಜ. ಆದರೆ ಹತ್ತು ಅಡಿ ಆಳದ ಅಂಗಡಿಯಲ್ಲಿ ನಾಲ್ಕಡಿ ಹೋದರೆ ಉಳಿಯುವುದೇನು? ದೊಡ್ಡ ಅಂಗಡಿಯವನು ತಾಳಿಕೊಂಡಾನು, ಚಹಾದ ಅಂಗಡಿಯವನಿಗೆ ಅದು ಆಗದು. ನಗರ ಸುಧಾರಣೆಯ ಭಾರವು ಎಲ್ಲರ ಹೆಗಲ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದು ಅಂದೇ ಕಂಡುಬಂದಿತ್ತು.

ಸ್ಯಾಟಿಸ್‌ನಿಂದ ಪ್ರಯೋಜನವಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬಸ್ಸಿಗಾಗಿ ರಿಕ್ಷಾಗಳ ನಡುವೆ ನುಸುಳಿ ಓಡುವ ಕಷ್ಟ ತಪ್ಪಿತು. ಮಳೆಗಾಲದಲ್ಲಿ ಕೆಸರು ತುಳಿಯದೆ ಗಾಡಿ ಹಿಡಿಯುವ ಸುಖವನ್ನು ಅನುಭವಿಸಿದವರೇ ಬಲ್ಲರು. ಆದರೆ ಮೇಲಿನ ಅಂತಸ್ತನ್ನು ಶುಚಿಗೊಳಿಸಿದ ಮಾತ್ರಕ್ಕೆ ಕೆಳಗಿನದು ತಾನಾಗಿ ಶುಚಿಯಾಗದು. ಅಟ್ಟದ ನೆರಳಿನಲ್ಲಿ ಜನಸಂದಣಿಯು ಮೊದಲಿನಂತೆಯೇ ಇದೆ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡಿನ ಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಮಂದಿ ಪ್ರಾಣ ಕಳೆದುಕೊಂಡ ಬಳಿಕ, ಮುಂಬಯಿ ಉಚ್ಚ ನ್ಯಾಯಾಲಯವು ನಿಲ್ದಾಣದಿಂದ 150 ಮೀಟರುಗಳೊಳಗೆ ಬೀದಿವ್ಯಾಪಾರ ಕೂಡದೆಂದು ಹೇಳಿತು. ಬೆಳಗ್ಗೆ ಗಾಡಿ ಬಂದು ಬುಟ್ಟಿಗಳನ್ನು ಒಯ್ಯುತ್ತದೆ. ಸಂಜೆಗೆ ಬೇರೆ ಬುಟ್ಟಿಗಳು ಬರುತ್ತವೆ. ಕೊಳ್ಳುವವನು ಅದೇ ಸೇತುವೆಯಿಂದ ಇಳಿಯುತ್ತಿರುವ ತನಕ ಮಾರುವವನು ಅಲ್ಲಿಯೇ ನಿಲ್ಲುವನು. 2014ರ ಬೀದಿವ್ಯಾಪಾರಿಗಳ ಕಾಯಿದೆಯಂತೆ ಗಣತಿ ನಡೆಸಿ, ಅವರಿಗೊಂದು ಜಾಗ ಗುರುತಿಸಿದರೆ ಈ ದಿನನಿತ್ಯದ ಬೆಕ್ಕು-ಇಲಿಗಳ ಆಟಕ್ಕೆ ಕೊನೆಯಾದೀತು.

ರಸ್ತೆಯ ಮಾತಾಯಿತು, ಈಗ ನಮ್ಮವರಿಗೆ ಹೆಚ್ಚು ಸಂಬಂಧಪಟ್ಟ ಕಟ್ಟಡಗಳ ಮಾತು. ನೌಪಾಡಾದಲ್ಲಿಯೂ ಪೇಟೆಯ ಗಲ್ಲಿಗಳಲ್ಲಿಯೂ ಹಳೆಯ ಕಟ್ಟಡಗಳು ಬಹಳ. ಪಗಡಿ ಕೊಟ್ಟು ಜಾಗ ಹಿಡಿದ ಬಾಡಿಗೆದಾರರು ಇಂದಿಗೂ ತಿಂಗಳಿಗೆ ಒಂದು ದಿನದ ಊಟದ ಬೆಲೆಯಷ್ಟೂ ಬಾಡಿಗೆ ಕೊಡದಿರುವುದುಂಟು. ಆ ಹಣದಲ್ಲಿ ಮಾಲಕನು ಸುಣ್ಣ ಬಳಿಸುವುದೂ ಕಷ್ಟವೇ. ಆತನು ಬಳಿಸುವುದೂ ಇಲ್ಲ. ಮುಂಬಯಿ ದ್ವೀಪನಗರದ ಹಳೆಯ ಕಟ್ಟಡಗಳಿಗೆ ಕರ ವಸೂಲು ಮಾಡಿ ದುರಸ್ತಿ ಮಾಡಿಸುವ ಮ್ಹಾಡಾದ ಮಂಡಳಿಯಿದೆ. ಥಾಣೆಗೆ ಆ ವ್ಯವಸ್ಥೆಯಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಪಾಲಿಕೆಯು ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುತ್ತದೆ: ಸಿ-1 ಎಂದರೆ ಕೂಡಲೆ ತೆರವು ಮಾಡಿ ಕೆಡವತಕ್ಕದ್ದು, ಸಿ-2ಎ ಎಂದರೆ ತೆರವು ಮಾಡಿ ದುರಸ್ತಿಗೊಳಿಸತಕ್ಕದ್ದು, ಸಿ-2ಬಿ ಎಂದರೆ ಜನರು ಒಳಗಿರುವಾಗಲೇ ದುರಸ್ತಿ ಮಾಡಬಹುದಾದದ್ದು, ಸಿ-3 ಎಂದರೆ ಸಣ್ಣಪುಟ್ಟ ದುರಸ್ತಿ. ಈ ಅಕ್ಷರಗಳು ನಮ್ಮ ಎಷ್ಟೋ ಮಂದಿಯ ಜಾತಕದಂತೆ!

ಸಿ-1 ಬಂದ ಕೂಡಲೆ ಎಲ್ಲವೂ ಮುಗಿಯಿತೆಂದು ಭಾವಿಸಿ ಸಿಕ್ಕಿದಷ್ಟು ಹಣ ತೆಗೆದುಕೊಂಡು ಊರಿಗೆ ಹೊರಟವರಿದ್ದಾರೆ. ಇದು ಅವಸರ. ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಬೀಳುವುದಿಲ್ಲ, ಅಡಿಯ ನೆಲವು ಉಳಿದಿರುವುದರಿಂದ ಹಕ್ಕೂ ಉಳಿದಿರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪು ನೀಡಿದೆ. ಆ ಕಟ್ಟಡವನ್ನು ಪೌರಾಡಳಿತವೇ ಕೆಡವಿಸಿತ್ತೆಂಬುದು ಗಮನಾರ್ಹ. ಆದುದರಿಂದ ಖಾಲಿ ಮಾಡುವ ಮುನ್ನ ತನ್ನ ಜಾಗದ ಅಳತೆಯನ್ನು ಪಾಲಿಕೆಯಿಂದ ಬರೆಯಿಸಿಕೊಳ್ಳಬೇಕು. ಬಾಡಿಗೆಯ ರಸೀದಿ, ವಿದ್ಯುತ್ ಬಿಲ್ಲು, ಗುಮಾಸ್ತಾ ಪರವಾನಗಿ ಇವುಗಳ ಪ್ರತಿಗಳನ್ನು ಆ ಕಟ್ಟಡದಲ್ಲಿಯೇ ಇಡದೆ ಬೇರೆಡೆ ಇಡಬೇಕು. ಬಾಯಿಮಾತಿನ ಭರವಸೆಯು ಅಡಿಪಾಯ ಅಗೆದ ದಿನದಿಂದ ನೆನಪಾಗದು.

ಇಲ್ಲಿ ಹೋಟೆಲಿನವರು ಎಚ್ಚರದಿಂದ ತಿಳಿಯಬೇಕಾದ ಭೇದವೊಂದುಂಟು. ಪಗಡಿಯ ಬಾಡಿಗೆದಾರನಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆಯಿದೆ. ಲೀವ್ ಎಂಡ್ ಲೈಸನ್ಸಿನ ಮೇಲೆ ಇರುವವನಿಗೆ ಅಂಥ ರಕ್ಷಣೆಯಿಲ್ಲ. 1973ರ ಫೆಬ್ರವರಿ 1ರಂದು ಜಾಗದಲ್ಲಿದ್ದವರನ್ನು ಮಾತ್ರ ಅಂದು ಬಾಡಿಗೆದಾರರೆಂದು ಪರಿಗಣಿಸಲಾಯಿತು, ನಂತರದವರನ್ನಲ್ಲ. ಇನ್ನು 'ಕಂಡಕ್ಟಿಂಗ್' ಮೇಲೆ ಹೋಟೆಲು ನಡೆಸುವವರು. ನಮ್ಮವರ ಹೋಟೆಲುಗಳಲ್ಲಿ ಈ ಪದ್ಧತಿ ಎಷ್ಟು ವ್ಯಾಪಕವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಜಾಗ ಒಬ್ಬರದು, ಪರವಾನಗಿ ಮತ್ತೊಬ್ಬರದು, ಬೆಂಕಿಯ ಮುಂದೆ ಬೆವರು ಸುರಿಸುವವನು ಮೂರನೆಯವನು. ಹದಿನೈದು-ಇಪ್ಪತ್ತು ವರುಷ ದುಡಿದು ಗಿರಾಕಿಗಳನ್ನು ಕೂಡಿಸಿದವನು, ಕರಾರುಪತ್ರದ ದೃಷ್ಟಿಯಲ್ಲಿ ವ್ಯಾಪಾರವನ್ನು ಮಾತ್ರ ನೋಡಿಕೊಳ್ಳುವವನು. ಕಟ್ಟಡ ಬಿದ್ದ ದಿನ ಹೊಸ ಅಂಗಡಿಯು ಮೂಲ ಬಾಡಿಗೆದಾರನಿಗೆ ಸಲ್ಲುತ್ತದೆ. ಕಂಡಕ್ಟರನಿಗೆ ಪಾತ್ರೆಗಳು ಸಲ್ಲುತ್ತವೆ. ಕರಾರನ್ನು ನವೀಕರಿಸುವಾಗ ಪುನರ್ನಿರ್ಮಾಣವಾದರೆ ಏನೆಂಬ ಒಂದು ವಾಕ್ಯವನ್ನು ಸೇರಿಸಿಕೊಳ್ಳುವುದಕ್ಕೆ ಸಂಕೋಚವೇಕೆ? ಶೇಠರೊಡನೆ ಸ್ನೇಹ ಕೆಟ್ಟೀತೆಂದು ಹಿಂಜರಿಯುವವರಿಗೆ ನನ್ನ ಉತ್ತರವಿಷ್ಟೆ: ಸ್ನೇಹವಿರುವಾಗಲೇ ಬರೆಯಿಸಿಕೊಳ್ಳುವುದು ಸುಲಭ.

ಕಂಡಕ್ಟರನಿಗಿಂತಲೂ ಕೆಳಗೆ ಇನ್ನೊಬ್ಬನಿದ್ದಾನೆ. ಹೋಟೆಲಿನ ಮಾಳಿಗೆಯಲ್ಲಿ, ಈರುಳ್ಳಿಯ ಚೀಲಗಳ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಅಡಿಗೆಯವನು, ಮಾಣಿ, ಕ್ಲೀನರು. ಅವರ ರೇಶನ್ ಕಾರ್ಡು ಕುಂದಾಪುರದ ಕಡೆಯದು, ಮತದಾನವೂ ಅಲ್ಲಿಯದೇ. ಕಟ್ಟಡದ ನಿವಾಸಿಗಳನ್ನು ಲೆಕ್ಕಹಾಕಲು ಬಂದ ನೌಕರನು ಮಾಳಿಗೆಯ ಏಣಿಯನ್ನು ಹತ್ತುವುದಿಲ್ಲ. ಹತ್ತಿದರೂ ಬರೆದುಕೊಳ್ಳುವ ಅಂಕಣವು ಆತನ ಕಾಗದದಲ್ಲಿಲ್ಲ. ನಿಲ್ದಾಣದ ಸಮೀಪದಲ್ಲಿ ನಾನು ಬಹುಕಾಲ ಚಹಾ ಕುಡಿಯುತ್ತಿದ್ದ ಹೋಟೆಲೊಂದು ಹೀಗೆಯೇ ತೆರವಾದಾಗ ಮಾಲಕರಿಗೆ ಜಾಗ ಗೊತ್ತಾಯಿತು, ಮೇಲಿನ ಖೋಲಿಯವರಿಗೆ ತಾತ್ಕಾಲಿಕ ಬಾಡಿಗೆ ಗೊತ್ತಾಯಿತು. ಹನ್ನೊಂದು ಮಂದಿ ಕೆಲಸಗಾರರಿಗೆ ಒಂದು ದಿನ ಮುಂಚಿತವಾಗಿ ಸುದ್ದಿ ಸಿಕ್ಕಿತು. ಅಂದಿನಿಂದ ಅವರಲ್ಲಿ ಒಬ್ಬರನ್ನು ಮಾತ್ರ ಭಿವಂಡಿಯ ರಸ್ತೆಯ ಒಂದು ಧಾಬೆಯಲ್ಲಿ ಕಂಡಿದ್ದೇನೆ. ಗುರುತು ಹಿಡಿದು, ಕೇಳದೆಯೇ ಸಕ್ಕರೆ ಕಡಿಮೆಯ ಚಹಾ ತಂದಿಟ್ಟರು.

ಹಾಗೆಂದು ಹಳೆಯ ಕಟ್ಟಡಗಳು ಹಾಗೆಯೇ ನಿಲ್ಲಲೆಂದು ಯಾರು ಹೇಳಿಯಾರು? 2013ರ ಎಪ್ರಿಲ್ 4ರಂದು ಇದೇ ಪಾಲಿಕೆಯ ಸೀಮೆಯ ಶಿಳ್‌ಫಾಟಾದಲ್ಲಿ ಅನಧಿಕೃತವಾಗಿ ಕಟ್ಟುತ್ತಿದ್ದ ಮನೆ ಕುಸಿದು 74 ಮಂದಿ ಸತ್ತರು. ಕಟ್ಟಡ ಮುಗಿಯುವ ಮೊದಲೇ ಕೆಳ ಅಂತಸ್ತುಗಳಲ್ಲಿ ಬಡವರನ್ನು ಇರಿಸಿದ್ದರು. ಒಂದೊಂದು ಕಟ್ಟಡವನ್ನು ಬೇರೆಬೇರೆಯಾಗಿ ತಿದ್ದುವ ಬದಲು ಇಡೀ ಮೊಹಲ್ಲೆಯನ್ನೇ ಒಂದು ಘಟಕವಾಗಿ ತೆಗೆದುಕೊಂಡು, ರಸ್ತೆ, ಶಾಲೆ, ಬಯಲುಗಳೊಂದಿಗೆ ಹೊಸದಾಗಿ ಕಟ್ಟುವ 'ಕ್ಲಸ್ಟರ್' ಯೋಜನೆಗೆ ಬಲ ಬಂದುದು ಅಂಥ ದುರಂತಗಳಿಂದಲೇ. 2023ರಲ್ಲಿ ವಾಗ್ಳೆ ಎಸ್ಟೇಟಿನ ಬಳಿಯ ಕಿಸನ್ ನಗರದಲ್ಲಿ ಇದಕ್ಕೆ ಭೂಮಿಪೂಜೆಯಾಯಿತು. ಕಲ್ಪನೆಯು ಒಳ್ಳೆಯದೇ. ಆದರೆ ಸಾವಿರಾರು ಮನೆಗಳನ್ನು ಒಮ್ಮೆಗೇ ತೆರವು ಮಾಡಿಸಿದಾಗ ನಡುವಿನ ವರ್ಷಗಳಲ್ಲಿ ಜನರು ಎಲ್ಲಿರುವರು, ಅವರನ್ನು ನಂಬಿದ ಗಲ್ಲಿಯ ಹೋಟೆಲು ಯಾರಿಗೆ ಊಟ ಹಾಕುವುದು ಎಂಬ ಪ್ರಶ್ನೆಗೆ ನಕಾಶೆಯಲ್ಲಿ ಉತ್ತರವಿಲ್ಲ.

ಪೇಟೆಯ ಮೇಲಿನ ಒತ್ತಡವನ್ನು ಇಳಿಸುವ ನಿಜವಾದ ಉಪಾಯವು ಪೇಟೆಯ ಹೊರಗೆ ಇದೆಯೆಂದು ನನ್ನ ಅಭಿಪ್ರಾಯ. ಥಾಣೆ-ಮುಲುಂಡಗಳ ನಡುವೆ, 1901ರಷ್ಟು ಹಿಂದಿನ ಮಾನಸಿಕ ಚಿಕಿತ್ಸಾಲಯದ ಭೂಮಿಯ ಒಂದು ಭಾಗದಲ್ಲಿ, ಇನ್ನೊಂದು ರೈಲು ನಿಲ್ದಾಣ ಕಟ್ಟುವ ಯೋಜನೆಯು ವರ್ಷಗಟ್ಟಲೆ ಕೋರ್ಟಿನಲ್ಲಿ ಸಿಲುಕಿದ್ದು, 2023ರಲ್ಲಿ ಉಚ್ಚ ನ್ಯಾಯಾಲಯವು ಭೂಮಿಗೆ ದಾರಿ ಬಿಟ್ಟುಕೊಟ್ಟಿತು. ಘೋಡಬಂದರದವರು ಆ ನಿಲ್ದಾಣಕ್ಕೆ ಹೋದರೆ ಹಳೆಯ ಪೇಟೆಗೆ ಉಸಿರಾಡಲು ಎಡೆಯಾದೀತು. 2024ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ 29 ಕಿಲೋಮೀಟರಿನ ವರ್ತುಲ ಮೆಟ್ರೋದ 22 ನಿಲ್ದಾಣಗಳಲ್ಲಿ ಎರಡು ನೆಲದಡಿಯವು; ಅವುಗಳಲ್ಲೊಂದು ಈ ಹಳೆಯ ನಿಲ್ದಾಣದ ಬಳಿಯದೇ. ಎಂದರೆ ಸ್ಯಾಟಿಸ್‌ನ ಕೆಳಗಿನ ನೆಲವನ್ನು ಮತ್ತೊಮ್ಮೆ ಅಗೆಯುವ ದಿನ ಬರಲಿದೆ. ಪೂರ್ವದ ಕೋಪರಿಯ ಕಡೆಯಲ್ಲಿ ಎರಡನೆಯ ಅಟ್ಟವನ್ನು ಕಟ್ಟುವ ಕೆಲಸವು ಗಡುವುಗಳನ್ನು ಎಷ್ಟು ಬಾರಿ ದಾಟಿತೆಂಬುದನ್ನು ಕಂಡವರು, ಅಗೆತವು ಎಂದು ಮುಗಿಯುವುದೆಂದು ಕೇಳುವ ಗೋಜಿಗೆ ಹೋಗಲಾರರು.

ಅಂದಿನ ಅಳತೆ, ಅಂದಿನ ಪಟ್ಟಿ, ಅಂದಿನ ನೋಟೀಸುಗಳು ಮರಾಠಿಯಲ್ಲಿ ಬರುತ್ತವೆ. ಥಾಣೆಯಲ್ಲಿಯೂ ಸುತ್ತಿನ ಊರುಗಳಲ್ಲಿಯೂ ಇರುವ ಕನ್ನಡ ಸಂಘಗಳು ವರ್ಷಕ್ಕೊಂದು ಯಕ್ಷಗಾನವನ್ನು ಆಡಿಸುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ ಇದಕ್ಕೆ ಮೀಸಲಿಟ್ಟು, ಭಾನುವಾರಗಳಲ್ಲಿ ಒಬ್ಬ ವಕೀಲರನ್ನು ಕೂರಿಸಿ, ಹೋಟೆಲಿನ ಹುಡುಗರ ಕರಾರು-ಕಾಗದಗಳನ್ನು ಓದಿ ಹೇಳುವ ಏರ್ಪಾಡು ಮಾಡಿಯಾವೆ? ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲಿನವರಿಗೆ ಬಿಡುವಿರುತ್ತದೆ.